ಕುರಿಗೆ ಬಿಟ್ಟುಕೊಟ್ಟ ಕಣಿವೆ



ಸ್ಕಾಟ್‌ಲೆಂಡಿನ ಉತ್ತರದ ತುದಿಯಲ್ಲಿ ಸದರ್ಲೆಂಡ್ ಎಂಬ ಬೆಟ್ಟಸೀಮೆಯಿದೆ. 1766ರಲ್ಲಿ ತಂದೆತಾಯಿ ಇಬ್ಬರೂ ತೀರಿಕೊಂಡಾಗ ಅದರ ಒಡೆತನ ಎಲಿಜಬೆತ್ ಎಂಬ ಒಂದು ವರ್ಷದ ಕೂಸಿನ ಪಾಲಿಗೆ ಬಂದಿತು. 1785ರಲ್ಲಿ ಆಕೆ ವರಿಸಿದ ಜಾರ್ಜ್ ಲ್ಯೂಸನ್-ಗೋರ್ ಇಂಗ್ಲೆಂಡಿನ ಮಹಾ ಶ್ರೀಮಂತ. ಅವನು ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದಾಗ, ಸೆರೆಯಲ್ಲಿದ್ದ ಫ್ರಾನ್ಸಿನ ರಾಣಿಗೆ ಎಲಿಜಬೆತ್ ಬಟ್ಟೆಬರೆ ಕಳುಹಿಸಿದ್ದಳು. ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದ ಆಕೆ ಕಲ್ಲೆದೆಯವಳೆಂದು ಹೇಳಲಾಗದು. ಕಥೆ ಅಷ್ಟು ಸರಳವಾಗಿಲ್ಲ.

ಆಕೆಯ ಸ್ಟ್ರಾತ್‌ನೇವರ್ ಕಣಿವೆಯ ಒಕ್ಕಲುಗಳು ಹೊಳೆಯಂಚಿನ ಮಣ್ಣಿನಲ್ಲಿ ಓಟ್ಸ್, ಬಾರ್ಲಿ, ಆಲೂಗಡ್ಡೆ ಬೆಳೆಯುತ್ತಿದ್ದರು. ಬೇಸಿಗೆಯಲ್ಲಿ ದನಗಳನ್ನು ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲಿಯೇ ಗುಡಿಸಲು ಹೂಡಿ ಹೈನು ಮಾಡುತ್ತಿದ್ದರು. ಬರಗಾಲವೂ ಬಡತನವೂ ಅವರಿಗೆ ಹೊಸದಲ್ಲ; ಒಡತಿಗೆ ಬರುವ ಗೇಣಿಯೂ ಅಲ್ಪವೇ. ದಕ್ಷಿಣದಿಂದ ಬಂದ ಚೆವಿಯಟ್ ಕುರಿಯ ಸಾಕಣೆದಾರರು ಎಷ್ಟೋ ಹೆಚ್ಚು ಗೇಣಿ ತೆರಲು ಸಿದ್ಧರಿದ್ದರು.

ಬೆಟ್ಟವೆಲ್ಲ ಖಾಲಿಯೇ ಇತ್ತಲ್ಲ, ಕುರಿಗೆ ಕಣಿವೆಯೇ ಏಕೆ ಬೇಕಾಯಿತು ಎಂಬ ಪ್ರಶ್ನೆ ಏಳುವುದು ಸಹಜ. ಕಾರಣ ಚಳಿಗಾಲ. ಬೇಸಿಗೆಯಲ್ಲಿ ಬೆಟ್ಟದ ನೆತ್ತಿಯಲ್ಲಿ ಮೇಯುವ ಈ ತಳಿಗೆ ಹಿಮಗಾಲವನ್ನು ಕಳೆಯಲು ತಗ್ಗಿನ ಬೆಚ್ಚನೆಯ ಹುಲ್ಲು ಬೇಕು. ಆ ತಗ್ಗಿನಲ್ಲಿಯೇ ಜನರ ಹೊಲಮನೆಗಳಿದ್ದವು. ಕೆಲವೇ ಎಕರೆ ತಗ್ಗು ಕೈತಪ್ಪಿದರೆ ಮೇಲಿನ ಇಡೀ ಬೆಟ್ಟವೇ ಕುರಿಯವನಿಗೆ ನಿರುಪಯೋಗಿ. ಹೀಗೆ 'ಸುಧಾರಣೆ'ಯ ಹೆಸರಿನಲ್ಲಿ ಒಕ್ಕಲೆಬ್ಬಿಸುವ ಕಾರ್ಯ ಆರಂಭವಾಯಿತು.

1814ರಲ್ಲಿ ಈ ಕೆಲಸವನ್ನು ನಡೆಸಿದ ಪ್ಯಾಟ್ರಿಕ್ ಸೆಲ್ಲರ್ ಆಕೆಯ ಕಾರಭಾರಿ; ತೆರವಾದ ನೆಲವನ್ನು ಕುರಿಗೆಂದು ಗೇಣಿಗೆ ಹಿಡಿದವನೂ ಅವನೇ! ಕುರಿಗೆ ಹೊಸ ಚಿಗುರು ಬರಲೆಂದು ವಸಂತದಲ್ಲಿ ಗುಡ್ಡದ ಹೆದರ್ ಕುರುಚಲಿಗೆ ಬೆಂಕಿ ಇಕ್ಕಿಸಲಾಯಿತು. ರೈತರ ದನಗಳು ಮೇವಿಲ್ಲದೆ ಸೊರಗಿದವು. ಜೂನ್‌ನಲ್ಲಿ ಮನೆಗಳ ಸರದಿ. ಮರ ವಿರಳವಾದ ಆ ಸೀಮೆಯಲ್ಲಿ ತೊಲೆ-ಜಂತಿಗಳೇ ಮನೆಯ ನಿಜವಾದ ಆಸ್ತಿ. ಅವು ಸುಟ್ಟರೆ ಮರಳಿ ಬಂದು ಮಾಡು ಹೊದಿಸುವ ಮಾತೇ ಇಲ್ಲ. 1816ರಲ್ಲಿ ಸೆಲ್ಲರನ ವಿಚಾರಣೆ ನಡೆಯಿತು. ಬಹುಮಟ್ಟಿಗೆ ಭೂಮಾಲೀಕರೇ ತುಂಬಿದ್ದ ಜ್ಯೂರಿ ಅವನನ್ನು ನಿರಪರಾಧಿಯೆಂದು ಬಿಟ್ಟಿತು. 1819ರಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಮನೆಗಳು ತೆರವಾದವು.

ಎದ್ದವರಿಗೆ ಕಡಲಂಚಿನಲ್ಲಿ ತುಂಡು ನೆಲ ದೊರೆಯಿತು. ಅದರಿಂದ ಸಂಸಾರ ಸಾಗದು, ಸಾಗಬಾರದೆಂಬುದೇ ಯೋಜನೆ. ಹೊಟ್ಟೆಪಾಡಿಗೆ ಅವರು ಮೀನುಗಾರರಾಗಬೇಕಿತ್ತು. ದೋಣಿಯನ್ನೇ ಅರಿಯದ ದನಗಾಹಿಗಳಿಗೆ ಇದನ್ನು ಉಪಕಾರವೆಂದು ವಿವರಿಸಲಾಯಿತು, ಒಡತಿ ಅದನ್ನು ನಂಬಿಯೂ ಇದ್ದಳು. ಕಿಲ್ಡೋನನ್ ಕಣಿವೆಯ ಸುಮಾರು 100 ಮಂದಿ 1813ರಲ್ಲಿಯೇ ಕೆನಡಾದ ಹಡಗು ಹತ್ತಿದ್ದರು.

1833ರಲ್ಲಿ ಎಲಿಜಬೆತ್ ಡಚೆಸ್ ಪದವಿಗೇರಿದಳು. 1839ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಸ್ಟ್ರಾತ್‌ನೇವರಿನ ರೋಸಲ್ ಎಂಬ ಊರಿನ ಮನೆಗಳ ತಳಪಾಯ ಇಂದಿಗೂ ಹುಲ್ಲಿನ ನಡುವೆ ಉಳಿದಿದೆ. ಹೊಳೆ ಕಡಲು ಸೇರುವಲ್ಲಿ, ಒಕ್ಕಲೆದ್ದವರು ನೆಲೆಸಿದ ಊರಿಗೆ ಬೆಟ್ಟಿಹಿಲ್ ಎಂದು ಹೆಸರು. ಬೆಟ್ಟಿ ಎಂಬುದು ಎಲಿಜಬೆತ್‌ಳ ಮುದ್ದುಹೆಸರು.