ಕಷಾಯದ ಲೋಟದಲ್ಲಿ ಏನಿದೆ?



ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ‘ಲಿಯಾಂಗ್ ಚಾ’ ಎಂಬ ಪೇಯವಿದೆ. ‘ತಂಪು ಚಹಾ’ ಎಂದು ಇದರ ಅರ್ಥ. ಹೆಸರು ಚಹಾ ಎಂದಿದ್ದರೂ ಇದರಲ್ಲಿ ಸಾಮಾನ್ಯವಾಗಿ ಚಹಾದ ಎಲೆ ಇರುವುದಿಲ್ಲ. ಸೇವಂತಿಗೆ, ಜೇಷ್ಠಮಧು ಮುಂತಾದ ಹೂವು, ಬೇರು, ಎಲೆಗಳನ್ನು ಕುದಿಸಿ ಸೋಸಿದ ನೀರು ಇದು. 2006ರಲ್ಲಿ ಚೀನಾ ಸರ್ಕಾರವು ಇದನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಿಮಗೆ ಇದು ತೀರ ಅಪರಿಚಿತವೇನಲ್ಲ. ನೆಗಡಿಯಾದಾಗ ಮನೆಯಲ್ಲಿ ಹಸಿಶುಂಠಿ, ಮೆಣಸು, ಜೀರಿಗೆ, ಹವೀಜ, ತುಳಸಿ, ಬೆಲ್ಲ ಹಾಕಿ ಕುದಿಸುವ ಕಷಾಯ ಇದರ ಬಂಧುವೇ.

ಹಾಗಾದರೆ ಕಷಾಯದ ಪೌಷ್ಟಿಕ ಮೌಲ್ಯವೇನು? ಲೋಟದ ಬಹುಪಾಲು ನೀರು. ಪ್ರೋಟೀನು ಇಲ್ಲವೆಂದೇ ಹೇಳಬಹುದು. ನಾರಿನ ಅಂಶ ಸೋಸಿದ ಚರಟದಲ್ಲಿಯೇ ಉಳಿಯುತ್ತದೆ. ಶಕ್ತಿ ಬರುವುದು ಬೆಲ್ಲದಿಂದ: 5 ಗ್ರಾಂ ಬೆಲ್ಲಕ್ಕೆ ಸುಮಾರು 20 ಕಿಲೋಕ್ಯಾಲರಿ. ಬಿಸಿ ಕಷಾಯ ಗಂಟಲಿಗೆ ಹಿತ, ದೇಹಕ್ಕೆ ನೀರು ಒದಗಿಸುತ್ತದೆ, ನಿಜ. ಆದರೆ ಅದು ಊಟವಲ್ಲ, ಔಷಧಿಗೆ ಬದಲಿಯೂ ಅಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಿಮ್ಮ ವಯಸ್ಸಿನ ಅನೇಕರು, ಅದರಲ್ಲೂ ವಿದ್ಯಾರ್ಥಿನಿಯರು, ರಕ್ತಹೀನತೆಯಿಂದ ಬಳಲುತ್ತಾರೆ. ಬೇಗ ದಣಿವಾಗುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ. ರೊಟ್ಟಿ, ಕಾಳು, ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ. ಆದರೆ ಊಟದ ಜೊತೆಗೇ ಚಹಾ ಕುಡಿದರೆ, ಅದರ ಒಗರಿನ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಇದಕ್ಕೆ ವಿರುದ್ಧವಾದ ಕೆಲಸ ಮಾಡುವುದು ನಿಮ್ಮ ಜಿಲ್ಲೆಯದೇ ಹಣ್ಣು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಂಡಿ ಲಿಂಬೆಯನ್ನು ನೀವೆಲ್ಲ ಬಲ್ಲಿರಿ. 100 ಗ್ರಾಂ ಲಿಂಬೆರಸದಲ್ಲಿ ಸುಮಾರು 30 ಮಿಲಿಗ್ರಾಂ ‘ಸಿ’ ಜೀವಸತ್ವ ಇರುತ್ತದೆ. ಇದು ಸಸ್ಯಾಹಾರದಲ್ಲಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಕುದಿಸಿದರೆ ಈ ಜೀವಸತ್ವ ನಷ್ಟವಾಗುತ್ತದೆ. ಆದ್ದರಿಂದ ಕಷಾಯವನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಲಿಂಬೆ ಹಿಂಡಿರಿ. ಕಾಳುಪಲ್ಯ, ಸೊಪ್ಪಿನ ಪಲ್ಯದ ಮೇಲೆ ಹಿಂಡಿಕೊಂಡರೆ ಇನ್ನೂ ಒಳ್ಳೆಯದು.

ಎಚ್ಚರಿಕೆಯ ಒಂದೆರಡು ಮಾತು. ಜೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದ ಒತ್ತಡ ಏರಬಹುದು. ಜ್ವರ ಬಿಡದಿದ್ದರೆ ವೈದ್ಯರನ್ನು ಕಾಣಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು, ಕಷಾಯ ಕುಡಿಯುತ್ತೇನಲ್ಲ ಎಂದು ಬಿಟ್ಟುಬಿಡಬೇಡಿ.

ಅಜ್ಜಿಯ ಕಷಾಯವನ್ನು ಪ್ರೀತಿಯಿಂದ ಕುಡಿಯಿರಿ. ತಾಟಿನಲ್ಲಿರುವ ರೊಟ್ಟಿ, ಕಾಳು, ಸೊಪ್ಪನ್ನೂ ಅಷ್ಟೇ ಪ್ರೀತಿಯಿಂದ ಉಣ್ಣಿರಿ.