ಮೊಬೈಲಿಗೂ ಒಂದು ವ್ಯಾಸಪೀಠ



ಮಕ್ಕಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳಿರೆಂದು ನಾವು ಹೇಳಲಾರೆವು. ಉಮರ್ಗಾ, ನಿಲಂಗಾ, ಉದಗೀರ ಪರಿಸರದಲ್ಲಿ ಕನ್ನಡ ಪುಸ್ತಕದಂಗಡಿ ವಿರಳ. ಬಾಲಭಾರತಿಯ ಪಠ್ಯವನ್ನು ಬಿಟ್ಟರೆ ನಮ್ಮ ಮಗುವಿಗೆ ಕನ್ನಡದ ಓದು ದೊರೆಯುವುದು ಬಹುಮಟ್ಟಿಗೆ ಆ ಪರದೆಯ ಮೇಲೆಯೇ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಗಳೂ ಅದರಲ್ಲಿಯೇ ಬಂದವು. ಆದುದರಿಂದ ಅದನ್ನು ಹಿಡಿಯುವ ಬಗೆಯನ್ನು ನಾವು ಕಲಿಸಬೇಕಾಗಿದೆ.

ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ಕತ್ತನ್ನು 60 ಡಿಗ್ರಿ ಬಾಗಿಸಿದರೆ ಕುತ್ತಿಗೆಯ ಎಲುಬಿನ ಮೇಲಿನ ಭಾರ 27 ಕಿಲೋದಷ್ಟಾಗುವುದೆಂದು ಅಮೆರಿಕದ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕಹಾಕಿ ತೋರಿಸಿದರು. ಗೊಬ್ಬರದ ಅರ್ಧ ಚೀಲವನ್ನು ಹೊತ್ತಂತೆ! ನಮ್ಮ ಹಿರಿಯರು ಪುರಾಣವನ್ನು ತೊಡೆಯ ಮೇಲಿಟ್ಟು ಓದಲಿಲ್ಲ. ವ್ಯಾಸಪೀಠದ ಮೇಲಿಟ್ಟು ಓದಿದರು. ಗ್ರಂಥಗೌರವಕ್ಕಾಗಿ ಇದ್ದೀತು, ಕುತ್ತಿಗೆಗೂ ಅದು ಹಿತವೇ. ಅಟ್ಟದ ಮೇಲೆ ಅಂಥದೊಂದಿದ್ದರೆ ಇಳಿಸಿರಿ. ಮೇಜಿನ ಮೇಲಿಟ್ಟು ಮೊಬೈಲನ್ನು ಅದಕ್ಕೆ ಒರಗಿಸಿರಿ. ಪರದೆ ಕಣ್ಣಿನ ಮಟ್ಟಕ್ಕೆ ಸಮೀಪವಿರಲಿ.

ಹೆಬ್ಬೆರಳಿನ ನೋವು ಕನ್ನಡಿಗರಿಗೆ ತುಸು ಹೆಚ್ಚೇ ಇರಬೇಕು: ‘ಕ್ಷ’ ಎಂಬ ಒಂದಕ್ಷರಕ್ಕೆ ಬಹಳಷ್ಟು ಕೀಲಿಮಣೆಗಳಲ್ಲಿ ಮೂರು ಸಲ ಒತ್ತಬೇಕು. ದೀರ್ಘ ಸಂದೇಶವನ್ನು ಬಾಯಿಂದ ಹೇಳಿ ಬರೆಯಿಸಿರಿ. ನಮ್ಮ ಗಡಿಭಾಗದ ಮಾತು ಯಂತ್ರಕ್ಕೆ ಒಮ್ಮೊಮ್ಮೆ ತಿಳಿಯದು, ಅದು ಬೇರೆ ವಿಷಯ. ಕಣ್ಣಿಗೆ 20 ನಿಮಿಷಕ್ಕೊಮ್ಮೆ ವಿಶ್ರಾಂತಿ ಬೇಕು. 20 ಅಡಿ ಆಚೆಯ ಬೇವಿನ ಮರವನ್ನು 20 ಸೆಕೆಂಡು ನೋಡಿದರೂ ಸಾಕು. ಬೆರಳಿಗೆ ಹಿಡಿದ ಜೋಮು ಬಿಡದಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಿರಿ.

ಬರುವ ಜೂನಿನಿಂದ ನಮ್ಮ ವಾಚನಾಲಯದಲ್ಲಿ ಅಂಥ ಎರಡು ಪೀಠಗಳನ್ನು ಇಡಲಿದ್ದೇವೆ.