ಕಿತ್ತ ಕವಾಟ, ಸೋರಿದ ಬಾವಿ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಲಾಸ್ ಏಂಜಲೀಸ್ ಬಳಿಯ ಅಲಿಸೊ ಕ್ಯಾನ್ಯನ್‌ನಲ್ಲಿ, ಎಣ್ಣೆ ತೆಗೆದು ಬರಿದಾದ ನೆಲದಾಳದ ಬಂಡೆಯೊಳಗೆ ಅನಿಲವನ್ನು ಒತ್ತಿ ತುಂಬಿಡುತ್ತಾರೆ. 2015ರ ಅಕ್ಟೋಬರ್ 23ರಂದು ಅಲ್ಲಿನ ಒಂದು ಬಾವಿ ಸೋರುತ್ತಿರುವುದು ಕಂಡುಬಂತು. ಅದನ್ನು ಪೂರ್ತಿ ಮುಚ್ಚಿದ್ದು 2016ರ ಫೆಬ್ರವರಿಯಲ್ಲಿ. ಸುಮಾರು 1 ಲಕ್ಷ ಟನ್ ಮೀಥೇನ್ ಗಾಳಿ ಸೇರಿತು. ಸಾವಿರಾರು ಸಂಸಾರಗಳು ಮನೆ ಬಿಟ್ಟವು.

ಇದು ವಿಧಿಯ ಆಟವೇ? ಅಲ್ಲ. ಬಾವಿ ತೋಡಿದ್ದು 1953ರಲ್ಲಿ. ಅದರ ಆಳದ ರಕ್ಷಣಾ ಕವಾಟವನ್ನು ಕಂಪನಿ 1979ರಲ್ಲಿ ಕಿತ್ತಿತು, ಮತ್ತೆ ಕೂಡಿಸಲಿಲ್ಲ. ಕಾನೂನು ಅದನ್ನು ಕಡ್ಡಾಯ ಮಾಡಿರಲಿಲ್ಲ. ಉಕ್ಕಿನ ಕೊಳವೆಯನ್ನು ಹೊರಗಿನಿಂದ ತುಕ್ಕು ತಿಂದಿತು. ಆ ಜಾಗದಲ್ಲಿ ಮೊದಲೇ 60ಕ್ಕೂ ಹೆಚ್ಚು ಕೊಳವೆಗಳು ಸೋರಿದ್ದರೂ ಕಂಪನಿ ಕಾರಣ ಹುಡುಕಿರಲಿಲ್ಲವೆಂದು 2019ರ ತನಿಖಾ ವರದಿ ಹೇಳಿತು.

ಇಂಥ ಬಾವಿಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ಮೊದಲ ಸುರಕ್ಷತಾ ನಿಯಮ ತಂದದ್ದು 2016ರ ಡಿಸೆಂಬರ್‌ನಲ್ಲಿ, ಅನಾಹುತವಾದ ಮೇಲೆ!

ನಿಯಮ ಕಾಗದದಲ್ಲಿದ್ದರೆ ಸಾಲದು. ಕೊಳವೆಯನ್ನು ಪರೀಕ್ಷಿಸಿದವರು ಯಾರು, ಯಾವಾಗ, ಕಂಡ ದೋಷ ತಿದ್ದಿದರೇ? ಈ ಲೆಕ್ಕ ಜನರ ಮುಂದಿರಬೇಕು. ಖಾತೆ ನೋಡದೆ ಯಾವ ವರ್ತಕ ಅಂಗಡಿ ನಡೆಸುತ್ತಾನೆ? ನಮ್ಮ ಗಿರಣಿಯ ಬಾಯ್ಲರಿಗೂ ಇದೇ ನ್ಯಾಯ. ಖರ್ಚು ಉಳಿಸುವವರು ಮಾಲೀಕರು, ಬೆಲೆ ತೆರುವವರು ನಾವು. ಆದ್ದರಿಂದ ತಪಾಸಣೆಯ ಪುಸ್ತಕ ಕೇಳುವ ಹಕ್ಕೂ ನಮ್ಮದಾಗಬೇಕು.